ಉರುಳಗಡ್ಡೆಯ ಕಜ್ಜಿ: ನೀಲಗಿರಿ ಮತ್ತು ತಾಳವಾಡಿಯ ಹಿತ್ತಲುಗಳಿಂದ ಒಂದು ಚರಿತ್ರೆ

ಗಡಿನಾಡಿನ ಕನ್ನಡದ ಬಗ್ಗೆ ಈ ಮಾಲೆಯಲ್ಲಿ ಇದುವರೆಗೆ ಶಾಸನ, ಶಾಲೆ, ಪತ್ರಿಕೆ, ಜನಪದ ಹಾಡು ಎಲ್ಲ ಬಂದಾಗಿದೆ. ನಾನು ಒಂದು ಗಡ್ಡೆ ಮತ್ತು ಅದರ ಸಿಪ್ಪೆಗೆ ಬರುವ ರೋಗ ಹಿಡಿದುಕೊಂಡು ಬಂದಿದ್ದೇನೆ. ಸಾಹಿತ್ಯದ ವಿದ್ಯಾರ್ಥಿಗೆ ಇದು ಯಾಕೆ ಅಂತ ಕೇಳಬಹುದು. ರೋಗ ಮಣ್ಣಿನದು, ಆದರೆ ಅದರ ತೊಂದರೆ ಅರ್ಧ ಭಾಗ ಮಾತಿನದು. ಇದು ನನ್ನ ವಾದ. ಎಷ್ಟು ನಿಲ್ಲುತ್ತದೆ ನೀವೇ ನೋಡಿ.

ಮೊದಲು ಗಡ್ಡೆಯ ಹೆಸರು. ಕಳೆದ ವಾರ ಕಾಸರಗೋಡಿನ ಗೆಳತಿಯೊಬ್ಬರು ಮಾತಾಡುವಾಗ 'ಬಟಾಟೆ' ಅಂದರು, ಸೊಲ್ಲಾಪುರದವರು ಕೂಡಲೇ ತಲೆಯಾಡಿಸಿದರು. ಕರಾವಳಿಯ ಬಟಾಟೆ, ಮರಾಠಿ ಸೀಮೆಯ ಬಟಾಟೆ, ಗೋವಾದ ಬಟಾಟೆ ಎಲ್ಲ ಪೋರ್ಚುಗೀಸರ ಬಾಯಿಂದ ಬಂದದ್ದು. ಪಶ್ಚಿಮ ತೆಲಂಗಾಣದ ಕಡೆ 'ಆಲುಗಡ್ಡ', ನಮ್ಮ ಪಠ್ಯಪುಸ್ತಕದ ಆಲೂಗಡ್ಡೆಯ ಅಣ್ಣ. ರಾಯದುರ್ಗ, ಮಡಕಶಿರಾ ಕಡೆಗೆ ಬಂದರೆ ತೆಲುಗಿನವರೂ 'ಉರ್ಲಗಡ್ಡ' ಅಂತಾರೆ. ತಾಳವಾಡಿ, ಹೊಸೂರಿನ ನಾವು 'ಉರುಳಗಡ್ಡೆ' ಅನ್ನುತ್ತೇವೆ. ತಮಿಳಿನ 'ಉರುಳೈಕ್ಕಿೞಂಗು' ಪಕ್ಕದಲ್ಲೇ ಇದೆ. ಉರುಳುವ ಗಡ್ಡೆ, ಅಷ್ಟೆ. ಇದನ್ನು ಧಾರವಾಡದ ಕಡೆಯವರ ಮುಂದೆ ಅವಸರದಲ್ಲಿ ಹೇಳಿದರೆ ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ತಂದುಕೊಡ್ತಾರೆ. ಒಂದೇ ಬೆಳೆಗೆ ಗಡಿಯುದ್ದಕ್ಕೂ ಮೂರು ದಾರಿಯಿಂದ ಬಂದ ಮೂರು ಹೆಸರು. ಗಡ್ಡೆಯೂ ಒಂದೇ ದಾರಿಯಲ್ಲಿ ಬರಲಿಲ್ಲ ಅನ್ನುವುದಕ್ಕೆ ಇದೇ ಸಾಕ್ಷಿ ಅಂತ ನಾನು ಹೇಳುವುದಿಲ್ಲ, ಸುಳಿವು ಅಂತ ಮಾತ್ರ ಹೇಳುತ್ತೇನೆ.

ದಕ್ಷಿಣದ ದಾರಿ ಮಾತ್ರ ಸಾಕಷ್ಟು ಸ್ಪಷ್ಟ. ಕೊಯಮತ್ತೂರಿನ ಕಲೆಕ್ಟರ್ ಆಗಿದ್ದ ಜಾನ್ ಸಲಿವನ್ 1819ರಲ್ಲಿ ನೀಲಗಿರಿ ಹತ್ತಿದ. ಮುಂದಿನ ಕೆಲವೇ ವರ್ಷಗಳಲ್ಲಿ ಉದಕಮಂಡಲದಲ್ಲಿ ಮನೆ ಕಟ್ಟಿ, ತನ್ನ ಊರಿನ ತರಕಾರಿಗಳನ್ನು ತಂದು ಹಾಕಿದ. ಅದರಲ್ಲಿ ಈ ಗಡ್ಡೆಯೂ ಒಂದು. ಅಲ್ಲಿನ ಬಡಗರು ಆಗ ರಾಗಿ, ಸಾಮೆ, ಕೊರಲೆ ಬೆಳೆಯುತ್ತಿದ್ದವರು. ಕೆಲವೇ ದಶಕಗಳಲ್ಲಿ ಉರುಳಗಡ್ಡೆ ಅವರ ಹೊಲದ ಬೆಳೆ, ಸಂತೆಯ ದುಡ್ಡು, ಮನೆಯ ಊಟ ಮೂರೂ ಆಯಿತು. ಬಡಗ ಸ್ವತಂತ್ರ ಭಾಷೆಯೋ ಕನ್ನಡದ ಉಪಭಾಷೆಯೋ ಅನ್ನುವ ಜಗಳಕ್ಕೆ ನಾನು ಇವತ್ತು ಇಳಿಯುವುದಿಲ್ಲ. ಆ ಜನರಲ್ಲೇ ಅದರ ಬಗ್ಗೆ ಎರಡು ಮಾತಿದೆ, ತೀರ್ಮಾನ ಅವರದು. ನನಗೆ ಬೇಕಾದ ಸಂಗತಿ ಬೇರೆ. 1846ರಲ್ಲಿ ನೀಲಗಿರಿಗೆ ಬಂದು ಕೇತಿಯಲ್ಲಿ ನೆಲೆಯಾದ ಬಾಸೆಲ್ ಮಿಷನ್ ಬಡಗರ ನಡುವೆ ಕನ್ನಡದಲ್ಲೇ ಪಾಠ ಹೇಳಿತು. 1890ರಲ್ಲಿ ಲೂಕನ ಸುವಾರ್ತೆ ಬಡಗ ಮಾತಿನಲ್ಲಿ, ಕನ್ನಡ ಲಿಪಿಯಲ್ಲಿ, ಮಂಗಳೂರಿನಲ್ಲಿ ಅಚ್ಚಾಯಿತು. ಅಂದರೆ ಆ ಬೆಟ್ಟದ ಮೇಲೆ ಕನ್ನಡ ಅಕ್ಷರ ಓದಬಲ್ಲ ರೈತರು ಇದ್ದ ಕಾಲವೊಂದಿತ್ತು. ಉರುಳಗಡ್ಡೆ ಬೆಟ್ಟದಲ್ಲಿ ಬೇರೂರಿದ್ದೂ ಅದೇ ಕಾಲದಲ್ಲಿ.

ಬೆಳೆಯ ಜೊತೆ ರೋಗವೂ ಬಂತು. ಕೊನೆ ಅಂಗಮಾರಿ, ಅಂದರೆ ಐರ್ಲೆಂಡಿನ ಬರಕ್ಕೆ ಕಾರಣವಾದ ಅದೇ ರೋಗ, ಭಾರತದಲ್ಲಿ ಮೊದಲು ದಾಖಲಾದದ್ದು ನೀಲಗಿರಿಯಲ್ಲೇ, 1870 ಮತ್ತು 1880ರ ನಡುವೆ. 1961ರಲ್ಲಿ ಊಟಿಯ ಹೊಲವೊಂದರಲ್ಲಿ ಜೋನ್ಸ್ ಎನ್ನುವ ತಜ್ಞ ಹೊಂಬಣ್ಣದ ದುಂಡುಹುಳುವನ್ನು ಗುರುತಿಸಿದ. ಬೇರಿಗೆ ಸಾಸಿವೆಗಿಂತ ಸಣ್ಣ ಚಿನ್ನದ ಮಣಿ ಅಂಟಿಸಿದ ಹಾಗೆ ಕಾಣುವ ಹುಳು ಅದು. 1971ರಲ್ಲಿ ನೀಲಗಿರಿಯ ಬಿತ್ತನೆಗಡ್ಡೆ ಹೊರಗೆ ಹೋಗದಂತೆ ನಿರ್ಬಂಧ ಬಿತ್ತು. ಈ ಎರಡು ಘಟನೆಗೂ ವರ್ಷವಿದೆ, ಕಡತವಿದೆ, ಮುತ್ತೋರೈಯ ಸಂಶೋಧನಾ ಕೇಂದ್ರದಲ್ಲಿ ದಶಕಗಳ ಕೆಲಸವಿದೆ, ಹುಳು ತಡೆಯುವ 'ಕುಫ್ರಿ ಸ್ವರ್ಣ' ಅನ್ನುವ ತಳಿಯಿದೆ.

ಕಜ್ಜಿ ರೋಗಕ್ಕೆ ಇಂಥ ಚರಿತ್ರೆಯಿಲ್ಲ. ಕಾರಣ ಸರಳ: ಅದು ಗಿಡವನ್ನು ಕೊಲ್ಲುವುದಿಲ್ಲ. ಎಲೆ ಹಸಿರಾಗೇ ಇರ್ತದೆ, ಹೂ ಬಿಡ್ತದೆ, ಇಳುವರಿಯೂ ಹೆಚ್ಚು ಕಡಿಮೆಯಾಗಲ್ಲ. ಅಗೆದಾಗ ಮಾತ್ರ ಗೊತ್ತಾಗುತ್ತದೆ, ಗಡ್ಡೆಯ ಮೈಮೇಲೆ ಕಂದು ಬಣ್ಣದ ಒರಟು ಹಕ್ಕಳೆ, ಕೆಲವು ಕಡೆ ಬೆಂಡಿನಂತೆ ಉಬ್ಬಿದ್ದು, ಕೆಲವು ಕಡೆ ಕುಳಿಬಿದ್ದದ್ದು. ದೊಡ್ಡ ರೈತನಿಗೆ ಮಂಡಿಯಲ್ಲಿ ದರ ಬೀಳುತ್ತದೆ. ಹಿತ್ತಲಿನಲ್ಲಿ ನಾಲ್ಕು ಸಾಲು ಹಾಕಿದವರಿಗೆ ಸಿಪ್ಪೆ ದಪ್ಪ ತೆಗೆಯಬೇಕಾಗುತ್ತದೆ, ಅಷ್ಟೇ ಅನ್ನಿಸುತ್ತದೆ. ಅದಕ್ಕೇ ಗೆಜೆಟಿಯರಿನವರು ಇದಕ್ಕಾಗಿ ಹಾಳೆ ಖರ್ಚು ಮಾಡಲಿಲ್ಲ. ಆದರೆ ಹಿತ್ತಲಿನ ಬೆಳೆಗಾರ ಅದೇ ಗಡ್ಡೆಯಿಂದ ಮುಂದಿನ ವರ್ಷಕ್ಕೆ ಬಿತ್ತನೆ ಎತ್ತಿಡುತ್ತಾನೆ. ಒಂದೆರಡು ವರ್ಷ ಹೀಗೆ ನಡೆದರೆ ಮನೆಯ ಬಿತ್ತನೆಯೇ ಹೋಯಿತು, ಆ ಮಣ್ಣೂ ಬಹಳ ಕಾಲದ ತನಕ ಕೆಟ್ಟಿತು. ಮನೆಬೀಜ ಹೋದ ಮೇಲೆ ಎಲ್ಲಿಂದಲೋ ಲಾರಿಯಲ್ಲಿ ಬಂದ ಚೀಲ ಕೊಳ್ಳಬೇಕು.

ಈ ಜೀವಿ ಯಾವುದು? ಅಮೆರಿಕದ ಕನೆಕ್ಟಿಕಟ್‌ನಲ್ಲಿ ರೋಲೆಂಡ್ ಥ್ಯಾಕ್ಸ್ಟರ್ 1890ರ ಸುಮಾರಿಗೆ ಅದನ್ನು ಬೇರ್ಪಡಿಸಿ, ಅದೇ ರೋಗಕಾರಕ ಅಂತ ತೋರಿಸಿದ. ಅವನು ಅದನ್ನು ಶಿಲೀಂಧ್ರ ಅಂದುಕೊಂಡಿದ್ದ, ಯಾಕೆಂದರೆ ಅದು ಬೂಸ್ಟಿನ ಹಾಗೆ ಎಳೆ ಬಿಡುತ್ತದೆ. ನಿಜಕ್ಕೂ ಅದು ಬ್ಯಾಕ್ಟೀರಿಯಾ. 1948ರಲ್ಲಿ ಅದಕ್ಕೆ ಸ್ಟ್ರೆಪ್ಟೊಮೈಸಿಸ್ ಸ್ಕೇಬಿಸ್ ಎಂಬ ಹೆಸರಾಯಿತು. ಈ ಕುಲ ನಮಗೆಲ್ಲ ಪರಿಚಯದ್ದೇ. ಮೊದಲ ಮಳೆ ಬಿದ್ದಾಗ ಬರುವ ಮಣ್ಣಿನ ವಾಸನೆ, ಕವಿಗಳು ಇಷ್ಟು ಬರೆದರಲ್ಲ, ಅದರಲ್ಲಿ ಬಹುಪಾಲು ಈ ಸಂಸಾರದ ಜೀವಿಗಳದ್ದೇ ಕೆಲಸ. ಕ್ಷಯಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ ಬಂದದ್ದೂ ಇದರ ಅಣ್ಣತಮ್ಮಂದಿರಿಂದ. ಈ ಕುಲದಲ್ಲಿ ನೂರಾರು ಬಗೆ ಸಾಧು, ಕೆಲವು ಮಾತ್ರ ಕೇಡಿ. ಕೇಡಿಗಳು ಬಿಡುವ ವಿಷಕ್ಕೆ ಥ್ಯಾಕ್ಸ್ಟರನ ನೆನಪಿನಲ್ಲಿ ಥ್ಯಾಕ್ಸ್ಟೊಮಿನ್ ಅಂತ ಹೆಸರಿಟ್ಟಿದ್ದಾರೆ. ಅದು ಬೆಳೆಯುವ ಗಡ್ಡೆಯ ಜೀವಕೋಶ ತನ್ನ ಗೋಡೆ ಕಟ್ಟಿಕೊಳ್ಳದಂತೆ ತಡೆಯುತ್ತದೆ. ಎಳೆ ಸಿಪ್ಪೆಯಲ್ಲಿನ ಉಸಿರಾಟದ ರಂಧ್ರಗಳೇ ಅದಕ್ಕೆ ಬಾಗಿಲು. ಸಿಪ್ಪೆ ಬಲಿತ ಮೇಲೆ ಬಾಗಿಲು ಮುಚ್ಚಿತು, ಹೊಸದಾಗಿ ಹತ್ತುವುದಿಲ್ಲ. ಹಾಗಾಗಿ ಅಟ್ಟದ ಮೇಲೆ ಹರಡಿಟ್ಟ ಗಡ್ಡೆಯಲ್ಲಿ ಕಜ್ಜಿ ಹೆಚ್ಚುವುದಿಲ್ಲ, ಅಗೆದಾಗ ಎಷ್ಟಿತ್ತೋ ಅಷ್ಟೆ.

ಭಾರತದಲ್ಲಿ ಇದರ ಮೊದಲ ದಾಖಲೆ 1958ರ ಪಾಟ್ನಾದ್ದು ಅಂತ ರೋಗಶಾಸ್ತ್ರದ ಬರಹಗಳು ಹೇಳುತ್ತವೆ. ಗಂಗೆಯ ಬಯಲಿನ ಮಣ್ಣು, ನೀಲಗಿರಿಯ ಮಣ್ಣಲ್ಲ. ಇಲ್ಲಿಂದ ನನ್ನ ವಾದ ಶುರು.

ಕಜ್ಜಿಯ ಜೀವಿಗೆ ಹುಳಿ ಮಣ್ಣು ಆಗಿಬರುವುದಿಲ್ಲ. ಮಣ್ಣಿನ ರಸಸಾರ 5.2ಕ್ಕಿಂತ ಕೆಳಗಿದ್ದರೆ ಅದು ಬಹುಮಟ್ಟಿಗೆ ಅಡಗಿರುತ್ತದೆ. ಅಲ್ಲಿಂದ ಮೇಲೆ, 7–8ರ ತನಕ, ಅದಕ್ಕೆ ಹಬ್ಬ. (ಹುಳಿ ಮಣ್ಣಲ್ಲೂ ಬದುಕುವ ಒಂದು ದಾಯಾದಿ ಬಗೆ ಅಮೆರಿಕದಲ್ಲಿ ಸಿಕ್ಕಿದೆ, ಅದು ಇಲ್ಲಿಗೆ ಬೇಡ.) ನೀಲಗಿರಿಯದು ಮಳೆ ತೊಳೆದ ಹುಳಿ ಮಣ್ಣು. ಅಲ್ಲಿ ಗಡ್ಡೆಯ ಮೇಲೆ ಹಕ್ಕಳೆ ಕಂಡರೆ ಅದು ಇನ್ನೊಂದು ರೋಗ, ಪುಡಿಕಜ್ಜಿ, ಆಗಿರುವ ಸಂಭವವನ್ನೂ ನೋಡಬೇಕು. ಅದು ತಂಪು, ಒದ್ದೆ ಮಣ್ಣಿನದು. ಗುಳ್ಳೆ ಒಡೆದರೆ ಒಳಗೆ ಕಂದು ಪುಡಿ, ಸುತ್ತ ಹರಿದ ಸಿಪ್ಪೆಯ ಅಂಚು. ಸಾಮಾನ್ಯ ಕಜ್ಜಿಗೆ ಒಣ ಮಣ್ಣು ಬೇಕು, ಪುಡಿಕಜ್ಜಿಗೆ ಒದ್ದೆ ಮಣ್ಣು ಬೇಕು. ಒಂದಕ್ಕೆ ನೀರು ಮದ್ದು, ಇನ್ನೊಂದಕ್ಕೆ ನೀರೇ ಹಾದಿ. ಆದರೆ ಕನ್ನಡದಲ್ಲಿ ಎರಡಕ್ಕೂ 'ಕಜ್ಜಿ', ತಮಿಳಿನಲ್ಲೂ 'ಸೊಱಿ'.

ಗೊಂದಲ ಇಲ್ಲಿಗೇ ನಿಲ್ಲುವುದಿಲ್ಲ. ನಿಂಬೆ ಗಿಡದ ಎಲೆ, ಕಾಯಿಗೆ ಬರುವ ರೋಗಕ್ಕೂ ನಮ್ಮಲ್ಲಿ ಕಜ್ಜಿ ರೋಗ ಅಂತಲೇ ಹೆಸರು, ತೆಲುಗು ಸೀಮೆಯಲ್ಲಿ 'ಗಜ್ಜಿ ತೆಗುಲು'. ಅದಕ್ಕೆ ತಾಮ್ರದ ಔಷಧಿ, ಸ್ಟ್ರೆಪ್ಟೊಮೈಸಿನ್ ಸಿಂಪಡಿಸಿ ಅನ್ನುವ ಸಲಹೆ ಬಹಳ ವರ್ಷದಿಂದ ಓಡಾಡುತ್ತಿದೆ. ನಿಂಬೆಯ ಕಜ್ಜಿಗೆ ಹೇಳಿದ್ದನ್ನು ಓದಿದವರು ಉರುಳಗಡ್ಡೆಯ ಎಲೆಗೂ ಹೊಡೆಯುತ್ತಾರೆ. ನಮ್ಮೂರಲ್ಲೇ ಹಾಗೆ ಮಾಡಿದವರನ್ನು ಕಂಡಿದ್ದೇನೆ. ಎಲೆಗೆ ಹೊಡೆದ ಔಷಧಿ ಮಣ್ಣೊಳಗಿನ ಗಡ್ಡೆಯ ಸಿಪ್ಪೆಗೆ ಏನೂ ಮಾಡುವುದಿಲ್ಲ, ದುಡ್ಡು ದಂಡ. ಇನ್ನೂ ಒಂದು ತಮಾಷೆ: ಒಂದು ಕಜ್ಜಿಗೆ ಹೊಡೆಯುವ ಮದ್ದು ಇನ್ನೊಂದು ಕಜ್ಜಿಯ ಜೀವಿಯ ಸೋದರಸಂಬಂಧಿ ಮಾಡಿಕೊಟ್ಟದ್ದು! ಒಂದೇ ಪದ ಮೂರು ರೋಗ ಹೊತ್ತುಕೊಂಡಾಗ ಹೀಗಾಗುತ್ತದೆ. ಅದಕ್ಕೇ ನಾನು ಈ ಪ್ರಬಂಧದಲ್ಲಿ ಸಾಮಾನ್ಯ ಕಜ್ಜಿಗೆ 'ಹಕ್ಕಳೆ ಕಜ್ಜಿ' ಅಂತಲೂ ಇನ್ನೊಂದಕ್ಕೆ 'ಪುಡಿಕಜ್ಜಿ' ಅಂತಲೂ ಬಳಸಿ ನೋಡುತ್ತಿದ್ದೇನೆ. ಗಾಯದ ಮೇಲೆ ಕಟ್ಟುವುದಕ್ಕೆ ಹಕ್ಕಳೆ ಅನ್ನುವುದು ಎಲ್ಲರಿಗೂ ತಿಳಿದದ್ದೇ, ವಿವರಿಸುವ ಕೆಲಸವಿಲ್ಲ.

ಈಗ ಸುಣ್ಣದ ವಿಚಾರ. ಬೆಟ್ಟದ ಮೇಲಿನ ಹುಳಿ ಮಣ್ಣಿಗೆ ಸುಣ್ಣ ಅಥವಾ ಡಾಲೊಮೈಟ್ ಹಾಕಿ ಅನ್ನುವುದು ಹಳೆಯ ಸಲಹೆ, ಸರಿಯಾದ ಸಲಹೆ. ಅಲ್ಲಿ ಎಲೆಕೋಸಿಗೆ ಬೇರುಗಂಟು ರೋಗವಿದೆ, ಅದಕ್ಕೆ ಸುಣ್ಣವೇ ಮದ್ದು. ಆದರೆ ಎಲೆಕೋಸಿನ ಪಾತಿಗೆ ಕೈತುಂಬ ಸುಣ್ಣ ಎರಚಿ, ಮುಂದಿನ ಬೆಳೆಗೆ ಅಲ್ಲೇ ಉರುಳಗಡ್ಡೆ ಊರಿದರೆ ಹಕ್ಕಳೆ ಕಜ್ಜಿಗೆ ನಾವೇ ಎಲೆಯಡಿಕೆ ಕೊಟ್ಟು ಕರೆದ ಹಾಗೆ. ಸುಣ್ಣ ಹಾಕಲೇಬೇಕಾದರೆ ಉರುಳಗಡ್ಡೆ ಅಗೆದ ಮೇಲೆ ಹಾಕಬೇಕು, ಮುಂದಿನ ಉರುಳಗಡ್ಡೆಗೆ ಅದು ಆದಷ್ಟು ದೂರವಾಗಬೇಕು. ಕ್ರಮ ಬದಲಾದರೆ ಫಲವೂ ಬದಲು.

ಬೆಟ್ಟ ಇಳಿದು ತಾಳವಾಡಿಗೆ ಬಂದರೆ ಮಣ್ಣೇ ಬೇರೆ. ನಮ್ಮ ಹಿತ್ತಲಿನ ಮಣ್ಣನ್ನು ಪರೀಕ್ಷೆಗೆ ಕೊಟ್ಟಾಗ ರಸಸಾರ 7ರ ಮೇಲೆ ಬಂತು. ಕೊಳವೆಬಾವಿಯ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಅಂಥ ಮಣ್ಣಿಗೆ ನಮ್ಮಜ್ಜಿ ಒಲೆಯ ಬೂದಿ ಹಾಕುತ್ತಿದ್ದರು. "ಬೂದಿ ಹಾಕುದ್ರ ಗೆಡ್ಡ ಗಟ್ಟಿ ಆಯ್ತದ ಕನ ಮಗ" ಅಂತ ಅವರ ಮಾತು. ಬೂದಿಯಲ್ಲಿ ಪೊಟ್ಯಾಶ್ ಇದೆ, ಗಡ್ಡೆಗೆ ಪೊಟ್ಯಾಶ್ ಬೇಕು, ಅಷ್ಟರ ಮಟ್ಟಿಗೆ ಅಜ್ಜಿಯ ಮಾತು ಸರಿ. ಆದರೆ ಬೂದಿ ಸುಣ್ಣದ ಹಾಗೆಯೇ ಮಣ್ಣಿನ ರಸಸಾರ ಏರಿಸುತ್ತದೆ. ರಾಗಿ ಮಡಿಗೆ, ಬದನೆಗೆ, ಅವರೆ ಬಳ್ಳಿಗೆ ಬೂದಿ ಹಾಕುವುದು ತಲೆತಲಾಂತರದ ರೂಢಿ. ಉರುಳಗಡ್ಡೆ ನಮ್ಮ ಸೀಮೆಗೆ ಬಂದದ್ದು ಅದಕ್ಕಿಂತ ಬಹಳ ಈಚೆಗೆ. ಇಲ್ಲಿ ನಮ್ಮ ವಿಭಾಗದಲ್ಲಿ ಒಂದು ಚಟವಿದೆ, ಹಳ್ಳಿಯಲ್ಲಿ ಮಾಡುವುದೆಲ್ಲ 'ದೇಸಿ ಜ್ಞಾನ' ಅಂತ ಬರೆದುಬಿಡುವುದು. ಬೂದಿಯ ರೂಢಿ ಹಳೆಯದು, ಬೆಳೆ ಹೊಸದು. ಹಳೆ ರೂಢಿಯನ್ನು ಹೊಸ ಬೆಳೆಗೆ ಹೊಂದಿಸಿದ್ದು ಜನರ ಪ್ರಯೋಗವೇ ಹೊರತು ಪರಂಪರೆ ಅಲ್ಲ. ಪ್ರಯೋಗ ಅಂದಮೇಲೆ ಪರೀಕ್ಷೆಗೂ ಒಳಗಾಗಬೇಕು.

ಹಸಿ ತಿಪ್ಪೆಗೊಬ್ಬರದ ಕತೆಯೂ ಇದೇ. ಸರಿಯಾಗಿ ಕಳಿಯದ ಕೊಟ್ಟಿಗೆ ಗೊಬ್ಬರವನ್ನು ಗಡ್ಡೆ ಊರುವ ಹೊತ್ತಿಗೆ ಹಾಕಿದರೆ ಕಜ್ಜಿ ಹೆಚ್ಚುತ್ತದೆ. ಹಸಿರೆಲೆ ಗೊಬ್ಬರ ಬೇರೆ ಮಾತು. 1920ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಮಿಲಾರ್ಡ್ ಅನ್ನುವವನು ಕತ್ತರಿಸಿದ ಹಸಿ ಹುಲ್ಲನ್ನು ಸಾಲಿಗೆ ಸೇರಿಸಿ ಕಜ್ಜಿ ಇಳಿದದ್ದು ತೋರಿಸಿದ, ಮಣ್ಣಿನ ಸಾಧುಜೀವಿಗಳು ಕೇಡಿಯನ್ನು ಒತ್ತರಿಸುತ್ತವೆ ಅಂತ ಅದಕ್ಕೆ ಕಾರಣ ಕೊಟ್ಟ. ಅದೇ ದಶಕದಲ್ಲಿ ಕೆನಡಾದ ಸ್ಯಾನ್‌ಫರ್ಡ್ ಇನ್ನೊಂದು ಸಂಗತಿ ಕಂಡ: ಒದ್ದೆ ಮಣ್ಣಿನಲ್ಲಿ ಹಕ್ಕಳೆ ಕಜ್ಜಿ ಕಡಿಮೆ. ಮನೆಯಲ್ಲಿ ಬೆಳೆಯುವವರಿಗೆ ಇಡೀ ವಿಜ್ಞಾನದಲ್ಲಿ ಬಹಳ ಉಪಯೋಗದ ಮಾತು ಇದೇ ಅಂತ ನನ್ನ ಅಭಿಪ್ರಾಯ. ಗಡ್ಡೆ ಕಟ್ಟಲು ಶುರುವಾದ ಮೇಲಿನ ನಾಲ್ಕರಿಂದ ಆರು ವಾರ ಮಣ್ಣು ಒಣಗಬಾರದು. ಊರಿ ಸುಮಾರು ಒಂದು ತಿಂಗಳು ದಾಟಿದ ಮೇಲೆ ಸಾಲಿನ ಪಕ್ಕ ಬೆರಳಿನಲ್ಲಿ ಕೆದಕಿ ನೋಡಿ, ಬಿಳಿ ಕುಡಿಯ ತುದಿ ಬಟಾಣಿಯಷ್ಟು ಉಬ್ಬಿದ್ದರೆ ಆ ದಿನದಿಂದ ಲೆಕ್ಕ. ಕೊಚ್ಚೆಯಾಗುವಷ್ಟಲ್ಲ, ಹಿಡಿಯಲ್ಲಿ ಹಿಂಡಿದರೆ ಉಂಡೆಯಾಗುವಷ್ಟು ತೇವ ಸಾಕು.

ನೀಲಗಿರಿಯಲ್ಲಿ ಉರುಳಗಡ್ಡೆಗೆ ಮೂರು ಹಂಗಾಮು: ಕಾರ್‌ಬೋಗ, ಕಡೆಬೋಗ, ನೀರ್‌ಬೋಗ. ತಮಿಳು ಬಾರದ ಕನ್ನಡಿಗನಿಗೂ ಈ ಮೂರು ಮಾತು ತಾನಾಗಿ ತಿಳಿಯುತ್ತದೆ, ಕಾರ್ ಅಂದರೆ ಮಳೆಗಾಲ, ಕಡೆ, ನೀರು. ಕಾರ್‌ಬೋಗದಲ್ಲಿ ಮಳೆಯೇ ತೇವ ಕಾಯುತ್ತದೆ, ಅಂಗಮಾರಿಯ ಭಯ ಹೆಚ್ಚು. ನೀರ್‌ಬೋಗ ಬೇಸಿಗೆಯ ಕಡೆಗೆ ವಾಲುವ, ನೀರು ಕಟ್ಟಿ ಬೆಳೆಯುವ ಬೆಳೆ. ಆ ಹೊತ್ತಿನಲ್ಲಿ ಎರಡು ವಾರ ನೀರು ತಪ್ಪಿದರೆ ಹಕ್ಕಳೆ ಕಜ್ಜಿಗೆ ಸಂದು ಸಿಕ್ಕಿತು. ತಾಳವಾಡಿ, ಹೊಸೂರಿನ ಬೇಸಿಗೆ ಬೆಳೆಗೂ ಇದೇ ಮಾತು.

ಬೆಳೆ ಸರದಿಯ ವಿಚಾರದಲ್ಲಿ ಒಂದು ಸಣ್ಣ ಚಾರಿತ್ರಿಕ ಊಹೆ ಮುಂದಿಡುತ್ತೇನೆ. ಬೀಟ್‌ರೂಟ್, ಮೂಲಂಗಿ, ಕ್ಯಾರೆಟ್, ಟರ್ನಿಪ್ ಇವಕ್ಕೂ ಕಜ್ಜಿಯ ಜೀವಿ ಹತ್ತುತ್ತದೆ. ಇಂದು 'ಊಟಿ ತರಕಾರಿ' ಅಂತ ನಾವು ಕೊಳ್ಳುವ ಬುಟ್ಟಿ ಬಹುಪಾಲು ಇವೇ. ಉರುಳಗಡ್ಡೆ ಆದಮೇಲೆ ಕ್ಯಾರೆಟ್, ಕ್ಯಾರೆಟ್ ಆದಮೇಲೆ ಉರುಳಗಡ್ಡೆ ಅಂದರೆ ಸರದಿ ಹೆಸರಿಗೆ ಮಾತ್ರ. ಹಳೆಯ ಬಡಗ ಹೊಲದಲ್ಲಿ ಉರುಳಗಡ್ಡೆಯ ಆಜುಬಾಜು ರಾಗಿ, ಸಾಮೆ, ಕೊರಲೆ ಇದ್ದವು, ಹುಲ್ಲಿನ ಜಾತಿಯ ಧಾನ್ಯಗಳು. ಕಜ್ಜಿಗೆ ಅವುಗಳಿಂದ ಆಸರೆ ಕಡಿಮೆ. ಧಾನ್ಯ ಹೋಗಿ ಚಹಾ, ತರಕಾರಿ ಬಂದದ್ದರಿಂದ ಆದ ನಷ್ಟದ ಪಟ್ಟಿಗೆ ಇದನ್ನೂ ಸೇರಿಸಬಹುದೇನೋ. ಹಿತ್ತಲಲ್ಲಿ ಜಾಗ ಚಿಕ್ಕದು, ಮೂರು ನಾಲ್ಕು ವರ್ಷ ಅದೇ ಪಾತಿಗೆ ಉರುಳಗಡ್ಡೆ ಹಾಕಬೇಡಿ ಅಂದರೆ ಕಷ್ಟ, ನಿಜ. ನಡುವೆ ರಾಗಿಯೋ ಜೋಳವೋ ಹಾಕಿ, ಒಮ್ಮೆ ಸೆಣಬು ಬೆಳೆಸಿ ಹೂ ಬರುವ ಮುಂಚೆ ಮಣ್ಣಿಗೆ ಸೇರಿಸಿ. ಅದೂ ಆಗದಿದ್ದರೆ ಒಂದೆರಡು ವರ್ಷ ಹೊಸ ಮಣ್ಣು ತುಂಬಿದ ಗೋಣಿಚೀಲದಲ್ಲಿ ಬೆಳೆಯಬಹುದು, ಅದಕ್ಕೆ ಬೂದಿ ಸೋಕಿಸದಿದ್ದರೆ ಆಯಿತು.

ಬಿತ್ತನೆಗೆ ಬರೋಣ. 1971ರ ನಿರ್ಬಂಧದ ನಂತರ ಬೆಟ್ಟದ ಬಿತ್ತನೆಗಡ್ಡೆ ಕೆಳಗಿಳಿಯುವ ಕಾನೂನಿನ ದಾರಿ ಮುಚ್ಚಿತು. ಹುಳು ಹರಡದಿರಲು ಅದು ಬೇಕಾಗಿತ್ತು, ಅದರ ಮೇಲೆ ನನ್ನ ತಕರಾರಿಲ್ಲ. ಆದರೆ ಒಂದು ನಂಟು ಕಡಿಯಿತು ಅನ್ನುವುದನ್ನು ಚರಿತ್ರೆಯವರು ಬರೆಯಬೇಕು. ಈಗ ದಕ್ಷಿಣದ ಬಯಲಿಗೆ ಬಿತ್ತನೆ ಬಹುಪಾಲು ಪಂಜಾಬಿನಿಂದ ಬರುತ್ತದೆ, ಹಾಸನದ ಸಂತೆಯಲ್ಲಿ ಜಲಂಧರ್ ಅನ್ನುವುದು ಊರಿನ ಹೆಸರಲ್ಲ, ಬಿತ್ತನೆಗಡ್ಡೆಯ ಹೆಸರು. ಕಜ್ಜಿ ಹರಡುವ ಮುಖ್ಯ ವಾಹನಗಳಲ್ಲಿ ಬಿತ್ತನೆಗಡ್ಡೆ ಒಂದು. ಚೀಲ ಎಲ್ಲಿಂದಲೇ ಬರಲಿ, ಕೊಳ್ಳುವಾಗ ಒಂದಷ್ಟು ಗಡ್ಡೆ ತೊಳೆದು ನೋಡಬೇಕು. ಮಣ್ಣು ಮೆತ್ತಿದ ಗಡ್ಡೆಯಲ್ಲಿ ಹಕ್ಕಳೆ ಕಾಣಿಸುವುದಿಲ್ಲ. ಮನೆಯದೇ ಬಿತ್ತನೆಯಾದರೆ ಶುದ್ಧ ಗಡ್ಡೆ ಆರಿಸಿ, ಶೇಕಡ 3ರ ಬೋರಿಕ್ ಆಸಿಡ್ ನೀರಿನಲ್ಲಿ, ಅಂದರೆ ಲೀಟರಿಗೆ 30 ಗ್ರಾಂ, ಅರ್ಧ ಗಂಟೆ ಅದ್ದಿ ನೆರಳಲ್ಲಿ ಒಣಗಿಸುವುದು ನಮ್ಮ ದೇಶದಲ್ಲಿ ಶಿಫಾರಸಾದ ಕ್ರಮ. ಮೊಳಕೆ ಬರುವ ಮುಂಚೆ ಮಾಡಬೇಕು. ಅದ್ದಿದ ಗಡ್ಡೆಯನ್ನು ಅಡುಗೆಗೆ ಬಳಸಬಾರದು, ದನಕ್ಕೂ ಹಾಕಬಾರದು. ಇದರಿಂದ ಗಡ್ಡೆಯ ಮೈಮೇಲಿನದು ಹೋಗುತ್ತದೆ, ಮಣ್ಣಲ್ಲಿರುವುದು ಹೋಗುವುದಿಲ್ಲ.

ಈ ಸಲಹೆ ಒಂದೂ ಗುಟ್ಟಿನದಲ್ಲ. ತಮಿಳಿನಲ್ಲಿದೆ, ಇಂಗ್ಲಿಷಿನಲ್ಲಿದೆ, ಕರ್ನಾಟಕದ ಒಳಗಿನವರಿಗೆ ಕನ್ನಡದಲ್ಲೂ ಇದೆ. ಆದರೆ ತಾಳವಾಡಿಯಲ್ಲಿ ಮನೆಯಲ್ಲಿ ಕನ್ನಡ ಆಡುವ, ಶಾಲೆಯಲ್ಲಿ ತಮಿಳು ಕಲಿತ ಅಥವಾ ಕಲಿಯದ ನಮ್ಮಜ್ಜಿಯಂಥವರಿಗೆ ತಮಿಳಿನ ಹಾಳೆ ಓದಲಾಗುವುದಿಲ್ಲ. ಹಾಸನದ ಮಣ್ಣಿಗೆ ಬರೆದ ಕನ್ನಡದ ಹಾಳೆ ಅವರ ಕೈಗೆ ಬರುವುದೇ ಇಲ್ಲ. ಅವರಿಗೆ ಸಿಗುವುದು ಅಂಗಡಿಯವನ ಮಾತು. ಗಡಿನಾಡ ಕನ್ನಡ ಅಂದರೆ ನಾವು ಶಾಲೆ ಮುಚ್ಚಿದ್ದನ್ನು, ಬೋರ್ಡು ಬದಲಾದದ್ದನ್ನು ಹೇಳುತ್ತೇವೆ. ಮಣ್ಣಿನ ಪರೀಕ್ಷೆಯ ಚೀಟಿ ಯಾವ ಭಾಷೆಯಲ್ಲಿದೆ ಅಂತ ನೋಡುವುದಿಲ್ಲ.

ಪ್ರಶ್ನೋತ್ತರದಲ್ಲಿ ಬಂದ ಎರಡು ಮಾತನ್ನು ಇಲ್ಲಿಗೇ ಸೇರಿಸುತ್ತೇನೆ. ಗಂಧಕ ಹಾಕಬಹುದೇ ಅಂತ ಮೇಷ್ಟ್ರು ಕೇಳಿದರು. ಗಂಧಕ ಮಣ್ಣಿನ ರಸಸಾರ ಇಳಿಸುತ್ತದೆ, ಆದರೆ ನಿಧಾನಕ್ಕೆ. ಸುಣ್ಣದ ಅಂಶ ಹೆಚ್ಚಿರುವ ಮಣ್ಣಿನಲ್ಲಿ ಅಷ್ಟಿಷ್ಟು ಹಾಕಿದ್ದು ಎಲ್ಲಿ ಹೋಯಿತು ಅಂತಲೇ ಗೊತ್ತಾಗುವುದಿಲ್ಲ. ಮಣ್ಣು ಪರೀಕ್ಷೆ ಮಾಡಿಸದೆ ಹಾಕಬೇಡಿ. ಅದಕ್ಕಿಂತ ಮೊದಲು ಬೂದಿ ನಿಲ್ಲಿಸಿ, ನೀರು ನೋಡಿಕೊಳ್ಳಿ.

ಕಜ್ಜಿ ಹತ್ತಿದ ಗಡ್ಡೆ ತಿನ್ನಬಹುದೇ ಅನ್ನುವುದು ಹೊಸೂರಿನ ಗೆಳೆಯರ ಪ್ರಶ್ನೆ. ಧಾರಾಳವಾಗಿ ತಿನ್ನಬಹುದು, ಮನುಷ್ಯರಿಗೆ ಏನೂ ಆಗುವುದಿಲ್ಲ, ಸಿಪ್ಪೆ ಸ್ವಲ್ಪ ದಪ್ಪ ತೆಗೆಯಬೇಕು. ಹೆಸರಲ್ಲಿ ಕಜ್ಜಿ ಇದೆ ಅಂತ ಕೆಲವು ಮನೆಗಳಲ್ಲಿ ಮಕ್ಕಳಿಗೆ ಕೊಡುವುದಿಲ್ಲ, ಮೈಗೆ ಹತ್ತುತ್ತದೆ ಅಂತ ಹೆದರುತ್ತಾರೆ. ಪದದ ಇನ್ನೊಂದು ಉಪದ್ರವ ಇದು. ಎಚ್ಚರ ಬೇಕಾದದ್ದು ಸಿಪ್ಪೆಯ ವಿಷಯದಲ್ಲಿ. ಅದನ್ನು ತಿಪ್ಪೆಗೆ ಹಾಕಿದರೆ ಗೊಬ್ಬರದ ಜೊತೆ ಮತ್ತೆ ಪಾತಿಗೇ ಬರುತ್ತದೆ, ಹಸಿಯಾಗಿ ಹಸುವಿಗೆ ಹಾಕಿದರೆ ಸಗಣಿಯಲ್ಲೂ ಬದುಕಿ ಬರಬಲ್ಲದು. ಹಸುವಿಗೆ ಹಾಕುವುದಾದರೆ ಬೇಯಿಸಿ ಹಾಕಿ.